ಕಲಾಥಿಯಾ ಎಲೆಯ ಅಂಚು ಸುಡುತ್ತಿದೆ, ವಿಜಯಪುರದ ಬೇಸಿಗೆಯಲ್ಲಿ ಇದನ್ನು ಉಳಿಸಿಕೊಳ್ಳುವುದು ಹೇಗೆ?

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 11

ಎಲ್ಲರಿಗೂ ನಮಸ್ಕಾರ್ರೀ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ಪೂರ್ತಿ ಓದಿ ಹೇಳಿ.

ಕಳೆದ ನವೆಂಬರ್‌ನಲ್ಲಿ ಮದುವೆಗೆಂದು ಬೆಳಗಾವಿಗೆ ಹೋದಾಗ ಅಲ್ಲಿಯ ಒಂದು ನರ್ಸರಿಯಿಂದ ಕಲಾಥಿಯಾ ಮಕೋಯಾನಾ ತಂದೆ. ನವಿಲುಗರಿ ಥರ ಎಲೆ ಇರುತ್ತದಲ್ಲ, ಅದೇ. 350 ರೂಪಾಯಿ ಕೊಟ್ಟೆ. ಫೆಬ್ರವರಿವರೆಗೆ ಚೆನ್ನಾಗಿತ್ತು, ಎರಡು ಹೊಸ ಎಲೆಯನ್ನೂ ಬಿಟ್ಟಿತು. ಶಿವರಾತ್ರಿ ಮುಗಿದು ಬಿಸಿಲು ಏರಿದ ಮೇಲೆ ಶುರುವಾಯಿತು. ಎಲೆಯ ತುದಿ ಮೊದಲು ಕಂದಾಯಿತು, ಆಮೇಲೆ ಅದು ಅಂಚಿನುದ್ದಕ್ಕೂ ಹರಿಯಿತು. ಈಗ ಅಂಚು ಕಡಕ್ ರೊಟ್ಟಿ ಹಾಗೆ, ಮುಟ್ಟಿದರೆ ಮುರಿದು ಪುಡಿಯಾಗುತ್ತದೆ. ಕಂದು ಭಾಗಕ್ಕೂ ಹಸಿರಿಗೂ ನಡುವೆ ಒಂದು ತೆಳು ಹಳದಿ ಗೆರೆ ಇದೆ. 11 ಎಲೆಗಳಲ್ಲಿ 8 ಎಲೆ ಹೀಗಾಗಿವೆ.

ಹೋದರೆ ಇನ್ನೊಂದು ತಂದರಾಯಿತು ಅನ್ನಬೇಡಿ. ನಮ್ಮ ಅತ್ತೆಯವರು ಡಿಸೆಂಬರ್‌ನಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿದೆ, ಆದರೆ ದಿನದ ಹೆಚ್ಚಿನ ಹೊತ್ತು ಮಂಚದ ಮೇಲೇ ಇರುತ್ತಾರೆ. ಈ ಗಿಡ ಅವರ ಎದುರಿಗೆ ಸ್ಟೂಲಿನ ಮೇಲಿದೆ. ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಇದರ ಎಲೆಗಳು ಒಂದೊಂದೇ ಮೇಲೆದ್ದು ನಿಲ್ಲುತ್ತವೆ, ಹಿಂಬದಿಯ ಬದನೆಕಾಯಿ ಬಣ್ಣ ಕಾಣುತ್ತದೆ. ಅತ್ತೆ ಅದನ್ನೇ ಕಾಯುತ್ತಾರೆ. "ಕೈ ಮುಗೀತ ನೋಡವಾ ನಿನ್ನ ಗಿಡ" ಅಂತ ಅಡುಗೆ ಮನೆಯಲ್ಲಿರುವ ನನ್ನನ್ನು ಕೂಗುತ್ತಾರೆ. ಈಗ ಎಂಟು ದಿನದಿಂದ ಎಲೆ ಅರ್ಧ ಎದ್ದು ಹಾಗೇ ನಿಲ್ಲುತ್ತಿದೆ. ಯಾಕೆ ಅಂತ ಅವರು ಕೇಳುತ್ತಾರೆ. ನನಗೂ ಗೊತ್ತಿಲ್ಲ.

ನಾನು ಮಾಡುತ್ತಿರುವುದು: ದಿನಾ ಬೆಳಿಗ್ಗೆ ಒಂದು ಲೋಟ ಬೋರ್ ನೀರು, ಸುಮಾರು ಕಾಲು ಲೀಟರ್. ದಿನಕ್ಕೆ ನಾಲ್ಕೈದು ಸಲ ಎಲೆಗೆ ನೀರು ಸಿಂಪಡಿಸುತ್ತೇನೆ. ಮಣ್ಣು ಕೆಂಪು ಮಣ್ಣು, ಎರೆಗೊಬ್ಬರ, ಕೋಕೋಪೀಟ್. ಜನವರಿಯಲ್ಲಿ ಪಕ್ಕದ ಮನೆಯವರು ಹೇಳಿದರು ಅಂತ ಒಂದು ಚಮಚ ಸೂಪರ್ ಫಾಸ್ಫೇಟ್ ಗೊಬ್ಬರ ಹಾಕಿದ್ದೆ. ಕಿಟಕಿ ಪೂರ್ವಕ್ಕಿದೆ, ಪರದೆ ಇದೆ, ನೇರ ಬಿಸಿಲು ಬೀಳುವುದಿಲ್ಲ. ಮಧ್ಯಾಹ್ನ ಕೂಲರ್ ಹಚ್ಚುತ್ತೇವೆ. ಎಲ್ಲಿ ತಪ್ಪಾಗುತ್ತಿದೆ?

ಟಿಳಕವಾಡಿ ಹಸಿರು, ಬೆಳಗಾವಿ · ಏಪ್ರಿಲ್ 11

ಅಕ್ಕಾ, ನನ್ನ ಹತ್ತಿರ ಇದೇ ಗಿಡ ನಾಲ್ಕು ವರ್ಷದಿಂದ ಇದೆ. ಮೂರು ದಿನಕ್ಕೊಮ್ಮೆ ನೀರು, ಅಷ್ಟೇ. ಎಲೆಗೆ ಒಂದು ದಿನವೂ ಸಿಂಪಡಿಸಿಲ್ಲ. ನೀವು ದಿನಾ ನೀರು ಹಾಕುತ್ತಿರುವುದೇ ಜಾಸ್ತಿ ಆಯಿತು ಅನಿಸುತ್ತದೆ. ಬೆರಳನ್ನು ಎರಡು ಗೆಣ್ಣಿನ ತನಕ ಮಣ್ಣಿಗೆ ಹಾಕಿ ನೋಡಿ, ಒಣಗಿದಂತೆ ಅನಿಸಿದರೆ ಮಾತ್ರ ಹಾಕಿ.

ನವನಗರ ಬಾಲ್ಕನಿ, ಬಾಗಲಕೋಟೆ · ಏಪ್ರಿಲ್ 11

ಬೆಳಗಾವಿಯವರ ಮಾತು ನಮಗೆ ಹೊಂದುವುದಿಲ್ಲ ಸರ್. ನಿಮ್ಮಲ್ಲಿ ಸಹ್ಯಾದ್ರಿಯ ಗಾಳಿ ಬರುತ್ತದೆ, ನಳದಲ್ಲಿ ರಾಕಸಕೊಪ್ಪ ಜಲಾಶಯದ ನೀರು ಬರುತ್ತದೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ ಹಾಕಿದ ಒದ್ದೆ ಪಂಚೆ ಅರ್ಧ ಗಂಟೆಯಲ್ಲಿ ಒಣಗುತ್ತದೆ. ಆ ಗಾಳಿ ಬ್ರೆಜಿಲ್ ಕಾಡಿನ ಗಿಡವನ್ನು ಬಿಡುತ್ತದೆಯೇ?

ನಾನು ಮೂರು ಕಲಾಥಿಯಾ ಕಳೆದುಕೊಂಡಿದ್ದೇನೆ. ಮೂರನೆಯದು ಹೋದಾಗ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವ ಮನಸ್ಸಿರಲಿಲ್ಲ. ಈಗ ಸ್ನೇಕ್ ಪ್ಲಾಂಟ್, ಜೆಡ್‌ಜೆಡ್, ಮನಿಪ್ಲಾಂಟ್ ಮಾತ್ರ. ಊರಿಗೆ ಒಗ್ಗುವ ಗಿಡವನ್ನೇ ಬೆಳೆಸಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಅಕ್ಕನವರ ಅತ್ತೆಗೆ ಎಲೆ ಏಳುವುದನ್ನು ನೋಡುವುದೇ ಮುಖ್ಯ ಅಂದರೆ ಮರಾಂಟಾ ಇಡಿ. ಅದೂ ಹಾಗೇ ಎಲೆ ಎತ್ತುತ್ತದೆ, ಇದಕ್ಕಿಂತ ಸ್ವಲ್ಪ ಗಟ್ಟಿ.

ತಿಕೋಟಾ ದ್ರಾಕ್ಷಿ · ಏಪ್ರಿಲ್ 12

ನಾನು ಮನೆಯೊಳಗಿನ ಗಿಡ ಬೆಳೆಸುವವನಲ್ಲ ತಂಗೀ. ನಾಲ್ಕು ಎಕರೆ ದ್ರಾಕ್ಷಿ ಇದೆ. ಆದರೆ ನೀವು ಬರೆದ ಎಲೆಯ ಲಕ್ಷಣ ಓದಿ ಸುಮ್ನೆ ಇರಲು ಆಗಲಿಲ್ಲ. ತುದಿ ಮೊದಲು, ಆಮೇಲೆ ಅಂಚು, ಒಳಗೆ ಹಳದಿ ಗೆರೆ. ನಮ್ಮ ಬಳ್ಳಿಗಳಲ್ಲಿ ನೀರಿನ ಸವಳು, ಅಂದರೆ ಉಪ್ಪಿನ ಅಂಶ, ಏರಿದಾಗ ಎಲೆ ಹೀಗೇ ಸುಡುತ್ತದೆ. ಕ್ಲೋರೈಡ್, ಸೋಡಿಯಂ ಜಾಸ್ತಿ ಆದರೆ ಅಂಚಿನಿಂದ ಒಳಗೆ ಬರುತ್ತದೆ. ಅದಕ್ಕೇ ನಾವು ಡಾಗ್‌ರಿಜ್ ಎಂಬ ಬೇರೆ ದ್ರಾಕ್ಷಿ ತಳಿಯ ಬೇರಿನ ಮೇಲೆ ಕಸಿ ಮಾಡುವುದು, ಅದು ಸವಳನ್ನೂ ನೀರಿನ ಕೊರತೆಯನ್ನೂ ಸ್ವಲ್ಪ ತಡೆಯುತ್ತದೆ. ನಿಮ್ಮ ಗಿಡಕ್ಕೆ ಅಂಥ ಬೇರು ಇಲ್ಲ.

ಹೊಲಕ್ಕಾದರೆ ವರ್ಷಕ್ಕೊಮ್ಮೆ ಮಳೆ ಬಂದು ಉಪ್ಪನ್ನು ಬೇರಿನ ಕೆಳಗೆ ಇಳಿಸುತ್ತದೆ. ಮನೆಯೊಳಗಿನ ಕುಂಡಕ್ಕೆ ಮಳೆ ಎಲ್ಲಿಂದ ಬರಬೇಕು? ಹಾಕಿದ ನೀರು ಎಲೆಯ ಮೂಲಕ ಗಾಳಿಗೆ ಹೋಗುತ್ತದೆ, ಉಪ್ಪು ಕುಂಡದಲ್ಲೇ ಕೂರುತ್ತದೆ.

ಎರಡು ವಿಷಯ ನೋಡಿ ಹೇಳಿ. ಕುಂಡದ ಕೆಳಗಿನ ತಟ್ಟೆಗೆ ಇಳಿದ ನೀರನ್ನು ಚೆಲ್ಲುತ್ತೀರೋ, ಅಲ್ಲೇ ಬಿಡುತ್ತೀರೋ? ನಿಮ್ಮ ಬೋರಿನ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಒಟ್ಟು ಉಪ್ಪು, ಎಷ್ಟು? ಪೆನ್ನಿನ ಥರದ ಮೀಟರ್ ಮುನ್ನೂರು ನಾಲ್ಕು ನೂರು ರೂಪಾಯಿಗೆ ಸಿಗುತ್ತದೆ. ಡ್ರಿಪ್ ಸಾಮಾನು ಮಾರುವ ಅಂಗಡಿಯಲ್ಲಿ ಕೇಳಿದರೆ ಅಳೆದೂ ಕೊಡುತ್ತಾರೆ.

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 13

ಅಣ್ಣಾ, ತಟ್ಟೆಯ ನೀರು ಚೆಲ್ಲುವುದಿಲ್ಲ. ಸಂಜೆಯೊಳಗೆ ಕುಂಡವೇ ಅದನ್ನು ಹೀರಿಕೊಳ್ಳುತ್ತಿತ್ತು, ತೇವ ಇರಲಿ ಅಂತ ಬಿಟ್ಟಿದ್ದೆ.

ನಮ್ಮ ಯಜಮಾನರು ಗೆಳೆಯರೊಬ್ಬರ ಮೀಟರ್ ತಂದರು. ಬೋರ್ ನೀರು 1380 ತೋರಿಸಿತು. ನಳದಲ್ಲಿ ಬರುವ ಕೃಷ್ಣಾ ನೀರು 310. ಕುಡಿಯಲು ತರುವ ಆರ್‌ಒ ಕ್ಯಾನ್ ನೀರು 45. ಆಮೇಲೆ ಕುಂಡಕ್ಕೆ ಆರ್‌ಒ ನೀರು ಹಾಕಿ, ತಳದಿಂದ ಇಳಿದದ್ದನ್ನು ಅಳೆದೆ. 2900. ಎರಡು ಸಲ ನೋಡಿದೆ, ಅದೇ ಬಂತು.

ತಿಕೋಟಾ ದ್ರಾಕ್ಷಿ · ಏಪ್ರಿಲ್ 13

ಸಿಕ್ಕಿತಲ್ಲ. ಲೆಕ್ಕ ಹಾಕಿ ನೋಡಿ. 1380 ಅಂದರೆ ಒಂದು ಲೀಟರ್‌ನಲ್ಲಿ 1.38 ಗ್ರಾಂ ಕರಗಿದ ಉಪ್ಪು. ದಿನಕ್ಕೆ ಕಾಲು ಲೀಟರ್ ಹಾಕಿದರೆ 0.35 ಗ್ರಾಂ ಹತ್ತಿರ. ನಾಲ್ಕು ತಿಂಗಳಿಗೆ 40 ಗ್ರಾಂ ದಾಟುತ್ತದೆ, ಅಂದರೆ ಎರಡು ದೊಡ್ಡ ಚಮಚ ತುಂಬ. ಎಲ್ಲವೂ ಅಡುಗೆ ಉಪ್ಪಲ್ಲ, ಸುಣ್ಣದ ಅಂಶವೂ ಇರುತ್ತದೆ. ಆದರೂ ಅಷ್ಟು ಸಣ್ಣ ಕುಂಡದಿಂದ ಹೊರಗೆ ಹೋಗಲು ದಾರಿ ಇರಲಿಲ್ಲ, ಇಳಿದದ್ದನ್ನು ತಟ್ಟೆಯಿಂದ ಮತ್ತೆ ಅದಕ್ಕೇ ಕುಡಿಸಿದ್ದೀರಿ. ಎಲೆ ಅರ್ಧ ಏಳುವುದಕ್ಕೂ ಇದೇ ಕಾರಣ ಇರಬಹುದು. ಮಣ್ಣಿನಲ್ಲಿ ಉಪ್ಪು ಜಾಸ್ತಿ ಆದರೆ ನೀರಿದ್ದರೂ ಬೇರಿಗೆ ಎಳೆದುಕೊಳ್ಳಲು ಆಗುವುದಿಲ್ಲ.

ಗಾಬರಿ ಆಗಬೇಡಿ. ಗಿಡ ಇನ್ನೂ ಬದುಕಿದೆ.

ಅರಭಾವಿಯಲ್ಲಿ ಕಲಿತವನು · ಏಪ್ರಿಲ್ 13

ಅರಭಾವಿ ತೋಟಗಾರಿಕೆ ಕಾಲೇಜಿನಲ್ಲಿ ಓದಿದವನು ನಾನು. ತಿಕೋಟಾದ ಅಣ್ಣನವರು ಹೇಳಿದ್ದು ಸರಿ, ಅದಕ್ಕೆ ಇನ್ನೊಂದು ಸೇರಿಸಬೇಕು: ಫ್ಲೋರೈಡ್.

ನಮ್ಮ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ನಲ್ಲಿ ಫ್ಲೋರೈಡ್ ಇರುವುದು ಹೊಸ ಮಾತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರ್‌ಗೆ 1 ಮಿಲಿಗ್ರಾಂ, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ. ಮನುಷ್ಯರಿಗೆ ನಡೆಯುವ ಆ ಮಟ್ಟವೂ ಕೆಲವು ಗಿಡಗಳಿಗೆ ಜಾಸ್ತಿ. ಕಲಾಥಿಯಾ, ಮರಾಂಟಾ, ಡ್ರಸೀನಾ, ಸ್ಪೈಡರ್ ಪ್ಲಾಂಟ್ ಇವು ಆ ಪಟ್ಟಿಯಲ್ಲಿ ಮೊದಲು ಬರುತ್ತವೆ. ಹಾಗಾಗಿ ನವನಗರದವರ ಮರಾಂಟಾ ಸಲಹೆಯಲ್ಲಿ ಒಂದು ತೊಡಕಿದೆ. ಅದೂ ಅದೇ ಕುಟುಂಬ, ನೀರು ಬದಲಿಸದಿದ್ದರೆ ಅದೂ ಸುಡುತ್ತದೆ. ನಮ್ಮ ಕೂವೆ ಗಡ್ಡೆ, ಅಂದರೆ ಆರಾರೂಟ್ ಹಿಟ್ಟು ಕೊಡುವ ಗಿಡವೂ ಈ ಕುಟುಂಬದ್ದೇ.

ಫ್ಲೋರೈಡ್ ಕೆಲಸ ಮಾಡುವ ರೀತಿ ತಿಳಿದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಅದು ನೀರಿನ ಜೊತೆ ಬೇರಿನಿಂದ ಮೇಲೆ ಬಂದು, ನೀರು ಎಲ್ಲಿ ಆವಿಯಾಗುತ್ತದೋ ಅಲ್ಲಿ ಉಳಿಯುತ್ತದೆ. ಎಲೆಯ ತುದಿ ಮತ್ತು ಅಂಚೇ ಆ ಕೊನೆಯ ನಿಲ್ದಾಣ. ಅಲ್ಲಿಂದ ವಾಪಸ್ ಬರುವುದಿಲ್ಲ. ಗಾಳಿ ಒಣಗಿದಷ್ಟೂ ಎಲೆ ಜಾಸ್ತಿ ನೀರು ಬಿಡುತ್ತದೆ, ಜಾಸ್ತಿ ನೀರು ಎಳೆಯುತ್ತದೆ, ಅಂಚಿಗೆ ಜಾಸ್ತಿ ಫ್ಲೋರೈಡ್ ಬರುತ್ತದೆ. ಅಕ್ಕನವರ ಗಿಡ ಫೆಬ್ರವರಿವರೆಗೆ ಚೆನ್ನಾಗಿದ್ದು ಮಾರ್ಚ್‌ನಲ್ಲಿ ಕೆಟ್ಟದ್ದು ಇದಕ್ಕೇ. ನೀರು ಅದೇ, ಗಾಳಿ ಬದಲಾಯಿತು. ಒಣ ಗಾಳಿಯ ತಪ್ಪೋ ನೀರಿನ ತಪ್ಪೋ ಅಂತ ಎಲ್ಲರೂ ವಾದ ಮಾಡುತ್ತಾರೆ, ಇಲ್ಲಿ ಎರಡೂ ಒಂದೇ ಹಗ್ಗದ ಎರಡು ತುದಿ.

ಇನ್ನು ಸೂಪರ್ ಫಾಸ್ಫೇಟ್. ಅದರಲ್ಲೇ ಫ್ಲೋರೈಡ್ ಇರುತ್ತದೆ, ಅದನ್ನು ತಯಾರಿಸುವ ರಾಕ್ ಫಾಸ್ಫೇಟ್ ಕಲ್ಲಿನಿಂದ ಬಂದದ್ದು. ಈ ಜಾತಿಯ ಗಿಡಗಳಿಗೆ ಅದನ್ನು ಹಾಕಲೇಬಾರದು.

ಮೀಟರ್ ಬಗ್ಗೆ ಒಂದು ಎಚ್ಚರಿಕೆ. ಟಿಡಿಎಸ್ ಮೀಟರ್ ಫ್ಲೋರೈಡ್ ತೋರಿಸುವುದಿಲ್ಲ, ಒಟ್ಟು ಉಪ್ಪನ್ನು ಮಾತ್ರ ತೋರಿಸುತ್ತದೆ. ಬೇಳೆ ಬೇಗ ಬೆಂದರೆ ನೀರು ಒಳ್ಳೆಯದು ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರಲ್ಲ, ಅದು ಗಡಸುತನಕ್ಕೆ ಸರಿ, ಫ್ಲೋರೈಡ್‌ಗೆ ಅಲ್ಲ. ಕ್ಯಾಲ್ಸಿಯಂ ಕಮ್ಮಿ ಇರುವ ಮೆತ್ತನೆಯ ನೀರಿನಲ್ಲೇ ಫ್ಲೋರೈಡ್ ಜಾಸ್ತಿ ಕರಗಿ ಉಳಿಯುತ್ತದೆ.

ಇಳಕಲ್ಲಿನ ಸೊಸೆ · ಏಪ್ರಿಲ್ 14

ನೀರನ್ನು ಕುದಿಸಿ ಆರಿಸಿ ಹಾಕಿದರೆ ನಡೆಯುತ್ತದಾ? ಅಥವಾ ರಾತ್ರಿ ಬಕೆಟ್‌ನಲ್ಲಿ ಇಟ್ಟು ಬೆಳಿಗ್ಗೆ ಹಾಕಿದರೆ? ವಿಡಿಯೋಗಳಲ್ಲಿ ಎಲ್ಲರೂ ಹಾಗೇ ಹೇಳುತ್ತಾರೆ. ನಮ್ಮ ಮನೆಯಲ್ಲಿ ಟ್ಯಾಂಕಿಗೆ ಸಾಫ್ಟನರ್ ಕೂಡಿಸಿದ್ದಾರೆ, ಆ ನೀರು ಆಗುತ್ತದಾ?

ಅರಭಾವಿಯಲ್ಲಿ ಕಲಿತವನು · ಏಪ್ರಿಲ್ 14

ರಾತ್ರಿ ಇಟ್ಟರೆ ಕ್ಲೋರಿನ್ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ಕುದಿಸಿದರೆ ನೀರು ಕಮ್ಮಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ಸಾಫ್ಟನರ್ ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ. ಬಟ್ಟೆಗೆ ಒಳ್ಳೆಯದು, ಕುಂಡಕ್ಕೆ ಬೋರ್ ನೀರಿಗಿಂತ ಕೆಟ್ಟದ್ದು. ಆರ್‌ಒ ಯಂತ್ರ ಹೊರಗೆ ಬಿಡುವ ನೀರನ್ನೂ ಹಾಕಬೇಡಿ, ಬೇಡದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಆಗುವುದು ಮೂರು. ಆರ್‌ಒ ನೀರು, ಮಳೆ ನೀರು, ಎಸಿಯಿಂದ ತೊಟ್ಟಿಕ್ಕುವ ನೀರು. ಎಸಿ ನೀರು ಗಾಳಿಯ ತೇವವೇ ತಣಿದು ಬಂದದ್ದು, ಅದರಲ್ಲಿ ಉಪ್ಪು ಇರುವುದಿಲ್ಲ ಅನ್ನಬಹುದು. ಪೈಪ್ ಮತ್ತು ಬಕೆಟ್ ಸ್ವಚ್ಛ ಇರಲಿ.

ಇಳಕಲ್ಲಿನ ಸೊಸೆ · ಏಪ್ರಿಲ್ 14

ಎರಡು ವರ್ಷದಿಂದ ಸಾಫ್ಟನರ್ ನೀರನ್ನೇ ಹಾಕಿದ್ದೇನೆ. ನನ್ನ ಆರ್ಬಿಫೋಲಿಯಾ (ಅದೂ ಒಂದು ಕಲಾಥಿಯಾ) ಹೋಗಿದ್ದು ಯಾಕೆ ಅಂತ ಇವತ್ತು ಗೊತ್ತಾಯಿತು. ಅದರ ಒಂದೊಂದು ಎಲೆಯೂ ಊಟದ ತಟ್ಟೆಯಷ್ಟು ಅಗಲ ಇತ್ತು. ಮೊದಲೇ ಯಾರಾದರೂ ಹೇಳಿದ್ದರೆ ಉಳಿಯುತ್ತಿತ್ತು.

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 14

ಸರಿ, ಇವತ್ತಿನಿಂದ ಆರ್‌ಒ. ನಮ್ಮ ಓಣಿಯ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ಬರುತ್ತದೆ, ಒಂದು ಗಿಡಕ್ಕೆ ಅದೇನು ದೊಡ್ಡ ಖರ್ಚಲ್ಲ. ಮಣ್ಣು ಪೂರ್ತಿ ಬದಲಿಸಲೋ, ತೊಳೆಯಲೋ? ಈ ಸೆಕೆಯಲ್ಲಿ ಕುಂಡ ಬದಲಿಸಿದರೆ ಇನ್ನೂ ಕುಗ್ಗುತ್ತದೆ ಅಂತ ಹೆದರಿಕೆ.

ತಿಕೋಟಾ ದ್ರಾಕ್ಷಿ · ಏಪ್ರಿಲ್ 14

ಮೊದಲು ತೊಳೆಯಿರಿ. ಕುಂಡವನ್ನು ಬಚ್ಚಲಿಗೆ ಒಯ್ದು, ಕುಂಡದಷ್ಟು ಅಳತೆಯ ನೀರನ್ನು ನಿಧಾನವಾಗಿ ಸುರಿಯಿರಿ. ಪೂರ್ತಿ ಇಳಿಯಲಿ. ಕಾಲು ಗಂಟೆ ಬಿಟ್ಟು ಮತ್ತೊಂದು ಸಲ. ಹೀಗೆ ಮೂರು ನಾಲ್ಕು ಸಲ. ಒಮ್ಮೆಲೇ ಸುರಿದರೆ ನೀರು ಕುಂಡದ ಗೋಡೆ ಹಿಡಿದು ಹಾಗೇ ಓಡಿಹೋಗುತ್ತದೆ, ಉಪ್ಪು ಕರಗುವುದಿಲ್ಲ. ಇಳಿಯುವ ನೀರನ್ನು ಪ್ರತಿ ಸಲ ಅಳೆಯಿರಿ, ಮೀಟರ್ ನಿಮಗೇ ಹೇಳುತ್ತದೆ.

ಟಿಳಕವಾಡಿ ಹಸಿರು, ಬೆಳಗಾವಿ · ಏಪ್ರಿಲ್ 14

ನಾನು ಮೊದಲು ಅವಸರದಲ್ಲಿ ಉತ್ತರ ಕೊಟ್ಟೆ, ಅಕ್ಕಾ. ನಮ್ಮ ನಳದ ನೀರನ್ನು ಇವತ್ತು ಅಳೆದು ನೋಡಿದೆ, 90 ಬಂತು. ನಾಲ್ಕು ವರ್ಷ ನನ್ನ ಗಿಡ ಚೆನ್ನಾಗಿರುವುದರಲ್ಲಿ ಈ ನೀರಿನ ಪಾಲು ದೊಡ್ಡದು.

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 16

ತೊಳೆದೆ. ಮೊದಲ ಸಲ ಇಳಿದ ನೀರು 2750, ಟೀ ಬಣ್ಣ. ಎರಡನೆಯದು 1600. ಮೂರನೆಯದು 820. ನಾಲ್ಕನೆಯದು 430. ಅಷ್ಟರಲ್ಲಿ ಒಂದು ಕ್ಯಾನ್ ಖಾಲಿ. ಆಮೇಲೆ ಕುಂಡವನ್ನು ಇಟ್ಟಿಗೆ ಚೂರಿನ ಮೇಲೆ ಓರೆ ಮಾಡಿ ಇಟ್ಟೆ, ಇನ್ನಷ್ಟು ನೀರು ಬಸಿದು ಹೋಯಿತು. ಕುಂಡದ ಹೊರಗೆ ಸುಣ್ಣ ಬಳಿದಂತೆ ಬಿಳಿ ಕಟ್ಟಿತ್ತು. ದಿನಾ ಒರೆಸುತ್ತಿದ್ದೆ, ಅದು ಧೂಳು ಅಂದುಕೊಂಡಿದ್ದೆ.

ಅತ್ತೆ ಮಂಚದಿಂದಲೇ "ಅದಕ್ಕೂ ಎಣ್ಣಿ ಹಚ್ಚಿ ಎರದಿ?" ಅಂತ ಕೇಳಿದರು. ಬಿದ್ದ ಮೇಲೆ ಅವರು ನಕ್ಕಿದ್ದು ಕಮ್ಮಿ. ಅವತ್ತು ನಕ್ಕರು.

ನವನಗರ ಬಾಲ್ಕನಿ, ಬಾಗಲಕೋಟೆ · ಏಪ್ರಿಲ್ 17

ನೀರಿನ ಮಾತು ಒಪ್ಪುತ್ತೇನೆ. ಆದರೆ ಗಾಳಿಯನ್ನು ಏನು ಮಾಡುತ್ತೀರಿ? ನಾನು ಹ್ಯುಮಿಡಿಫೈಯರ್ ತಂದು ಬೋರ್ ನೀರು ಹಾಕಿದ್ದೆ. ಎರಡು ದಿನದಲ್ಲಿ ಟಿವಿ, ಕನ್ನಡಿ, ಎಲೆ ಎಲ್ಲದರ ಮೇಲೂ ಬಿಳಿ ಪುಡಿ. ಬೆಣಚುಕಲ್ಲಿನ ತಟ್ಟೆಯಲ್ಲಿ ನೀರಿಟ್ಟು ನೋಡಿದೆ, ತೇವಾಂಶದ ಮೀಟರ್ ಎರಡು ಅಂಕಿ ಮೇಲೇರಿತು ಅಷ್ಟೇ.

ಅರಭಾವಿಯಲ್ಲಿ ಕಲಿತವನು · ಏಪ್ರಿಲ್ 17

ಸಿಂಪಡಿಸುವುದರಿಂದಲೂ ಅಷ್ಟೇ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ಮೊದಲಿನಂತಾಗುತ್ತದೆ. ಬೋರ್ ನೀರು ಸಿಂಪಡಿಸಿದರೆ ಎಲೆಯ ಮೇಲೆ ಉಪ್ಪಿನ ಚುಕ್ಕೆ ಉಳಿಯುವುದು ಮಾತ್ರ ಲಾಭ. ಅಕ್ಕಾ, ಅದನ್ನು ನಿಲ್ಲಿಸಿ.

ನಮ್ಮ ಭಾಗಕ್ಕೆ ಕೂಲರ್‌ಗಿಂತ ಒಳ್ಳೆಯ ಸಾಧನ ಇಲ್ಲ. ಅದು ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ತಂಪಿನ ಜೊತೆ ತೇವವನ್ನೂ ಕೊಡುತ್ತದೆ. ಉಪ್ಪು ಹುಲ್ಲಿನಲ್ಲೂ ಟ್ಯಾಂಕಿನಲ್ಲೂ ಉಳಿಯುತ್ತದೆ, ಆವಿಯ ಜೊತೆ ಬರುವುದಿಲ್ಲ. ಗಿಡವನ್ನು ಕೂಲರ್ ಇರುವ ಕೋಣೆಯಲ್ಲೇ ಇಡಿ, ಆದರೆ ಅದರ ಗಾಳಿಯ ನೇರಕ್ಕೆ ಬೇಡ. ಬಿರುಸು ಗಾಳಿ ಎಲೆಯನ್ನು ಬಡಿದರೆ ತೇವ ಇದ್ದರೂ ಅಂಚು ಒಣಗುತ್ತದೆ. ತಲೆಯ ಮೇಲಿನ ಫ್ಯಾನಿನ ಕೆಳಗೂ ಬೇಡ.

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 20

ತೇವಾಂಶದ ಮೀಟರ್ ತರಿಸಿದೆ. ಮಧ್ಯಾಹ್ನ ಮೂರಕ್ಕೆ ಕೂಲರ್ ಇಲ್ಲದೆ 21, ಕೂಲರ್ ಹಚ್ಚಿ ಒಂದು ತಾಸಿಗೆ 47. ಒಂದು ಬದಿಯ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಟ್ಟರೆ ಉಸಿರು ಕಟ್ಟುವುದಿಲ್ಲ, ಅಂಕಿಯೂ ಜಾಸ್ತಿ ಇಳಿಯುವುದಿಲ್ಲ. ಗಿಡವನ್ನು ಕೂಲರ್‌ನಿಂದ ಪಕ್ಕಕ್ಕೆ, ಅತ್ತೆಯ ಕಾಲಿನ ಕಡೆಯ ಮೂಲೆಗೆ ಇಟ್ಟೆ. ಅದರ ಪಕ್ಕ ಮನಿಪ್ಲಾಂಟ್, ಫರ್ನ್ ಗುಂಪಾಗಿ ಇಟ್ಟಿದ್ದೇನೆ.

ಒಂದು ಹೊಸ ತೊಂದರೆ. ಎರಡು ಎಲೆಗಳ ಮೇಲೆ ಸಣ್ಣ ಸಣ್ಣ ಮಂಕು ಚುಕ್ಕೆ, ಧೂಳು ಬಿದ್ದ ಹಾಗೆ. ಒರೆಸಿದರೆ ಹೋಗುತ್ತಿಲ್ಲ. ಇದೂ ಉಪ್ಪೇ?

ತಿಕೋಟಾ ದ್ರಾಕ್ಷಿ · ಏಪ್ರಿಲ್ 20

ಅಲ್ಲ. ಉಪ್ಪು ಅಂಚಿನಿಂದ ಬರುತ್ತದೆ, ಇದು ಎಲೆಯ ತುಂಬ ಚುಕ್ಕೆ. ಎಲೆಯ ಕೆಳಗೆ ಬಿಳಿ ಕಾಗದ ಹಿಡಿದು ಮೇಲಿನಿಂದ ಎರಡು ಸಲ ಮೆಲ್ಲಗೆ ತಟ್ಟಿ. ಕಾಗದದ ಮೇಲೆ ಬಿದ್ದ ಚುಕ್ಕೆ ನಡೆದಾಡಿದರೆ ಅದು ನುಸಿ. ಒಣ ಸೆಕೆಯಲ್ಲಿ ನುಸಿ ವಾರದೊಳಗೆ ಮರಿಯಿಂದ ಮರಿಗೆ ಬೆಳೆಯುತ್ತದೆ.

ಗುಮ್ಮಟದೂರಿನವಳು, ವಿಜಯಪುರ · ಏಪ್ರಿಲ್ 20

ನಡೆದಾಡಿತು ಅಣ್ಣಾ. ಕಾಳಿನ ಪುಡಿಗಿಂತ ಸಣ್ಣದು, ಆದರೆ ನಡೆದಾಡಿತು. ನಮ್ಮ ಮೈದುನನ ಹತ್ತಿರ ದ್ರಾಕ್ಷಿಗೆ ಹೊಡೆಯುವ ಔಷಧ ಇದೆ, ಸ್ವಲ್ಪ ತರಲೇ?

ತಿಕೋಟಾ ದ್ರಾಕ್ಷಿ · ಏಪ್ರಿಲ್ 20

ಬೇಡವೇ ಬೇಡ. ಅದು ಬಯಲಲ್ಲಿ, ಮುಖಕ್ಕೆ ಬಟ್ಟೆ ಕಟ್ಟಿ, ಗಾಳಿ ನೋಡಿ ಹೊಡೆಯುವ ವಿಷ. ಮುಚ್ಚಿದ ಕೋಣೆಯಲ್ಲಿ, ಎದ್ದು ಹೊರಗೆ ಹೋಗಲಾಗದ ಅತ್ತೆಯವರು ಮಲಗಿರುವ ಕಡೆ ಅದರ ಬಾಟಲಿಯ ಮುಚ್ಚಳವನ್ನೂ ತೆರೆಯಬಾರದು. ದಯವಿಟ್ಟು ತರಬೇಡಿ.

ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಹಿಂಬದಿಯನ್ನು ನೀರಿನಿಂದ ಚೆನ್ನಾಗಿ ತೊಳೆಯಿರಿ. ಮೆತ್ತನೆ ಬಟ್ಟೆಯಿಂದ ಒರೆಸಿ. ಆಮೇಲೆ ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಕಲೆಯಲು ಒಂದೆರಡು ಹನಿ ಸೋಪಿನ ದ್ರಾವಣ. ಮೊದಲು ಒಂದು ಎಲೆಗೆ ಹಚ್ಚಿ ಒಂದು ದಿನ ನೋಡಿ, ಸುಡದಿದ್ದರೆ ಸಂಜೆ ಹೊತ್ತು ಎಲ್ಲದಕ್ಕೂ. ನಾಲ್ಕು ದಿನಕ್ಕೊಮ್ಮೆ, ಮೂರು ಸಲ. ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆಯಲ್ಲಿದ್ದವು ಮತ್ತೆ ಬರುತ್ತವೆ.

ಇಳಕಲ್ಲಿನ ಸೊಸೆ · ಏಪ್ರಿಲ್ 22

ಅಕ್ಕಾ, ಕಂದಾದ ಎಲೆ ಕತ್ತರಿಸಬೇಕಾ, ಬಿಡಬೇಕಾ?

ಅರಭಾವಿಯಲ್ಲಿ ಕಲಿತವನು · ಏಪ್ರಿಲ್ 22

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಅದಕ್ಕೆ ಕಾಯಬೇಡಿ. ಅರ್ಧಕ್ಕಿಂತ ಜಾಸ್ತಿ ಹಸಿರಿರುವ ಎಲೆ ಗಿಡಕ್ಕೆ ಊಟ ಮಾಡಿಕೊಡುತ್ತದೆ, ಬಿಡಿ. ಪೂರ್ತಿ ಹೋದದ್ದನ್ನು ಮಾತ್ರ ಬುಡದಿಂದ ತೆಗೆಯಿರಿ. ಗಿಡ ಚೇತರಿಸಿತೋ ಇಲ್ಲವೋ ಅಂತ ಹೇಳುವುದು ಮುಂದೆ ಬರುವ ಎಲೆ ಮಾತ್ರ.

ಎಲೆ ಏಳುವುದರ ಬಗ್ಗೆಯೂ ಅತ್ತೆಯವರಿಗೆ ಹೇಳಿ. ಎಲೆ ಮತ್ತು ತೊಟ್ಟು ಕೂಡುವ ಜಾಗದಲ್ಲಿ ಸಣ್ಣ ಉಬ್ಬು ಇದೆ, ಗೆಣ್ಣಿನ ಹಾಗೆ. ಅದರ ಒಂದು ಬದಿಯ ಕೋಶಗಳಿಗೆ ನೀರು ತುಂಬಿ ಇನ್ನೊಂದು ಬದಿಯದು ಖಾಲಿಯಾದಾಗ ಎಲೆ ಮೇಲೇಳುತ್ತದೆ. ಹುಣಸೆ ಮರದ ಎಲೆ ರಾತ್ರಿ ಮಡಚಿಕೊಳ್ಳುವುದೂ ಹೀಗೇ. ಬೇರಿಗೆ ನೀರು ಸರಿಯಾಗಿ ಸಿಗದಿದ್ದರೆ ಆ ಉಬ್ಬು ಬಿಗಿಯಾಗುವುದಿಲ್ಲ. ಇನ್ನೊಂದು, ರಾತ್ರಿ ಹನ್ನೊಂದರವರೆಗೆ ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಅದರ ಹೊತ್ತುಗೊತ್ತು ತಪ್ಪುತ್ತದೆ.

ಗುಮ್ಮಟದೂರಿನವಳು, ವಿಜಯಪುರ · ಮೇ 19

ಒಂದು ತಿಂಗಳ ಸುದ್ದಿ. ಮೂರು ಎಲೆ ತೆಗೆದೆ. ನುಸಿ ಹೋಯಿತು, ಕಾಗದ ತಟ್ಟಿ ಎರಡು ವಾರದಿಂದ ನೋಡುತ್ತಿದ್ದೇನೆ. ಈಗ ದಿನಾ ನೀರಿಲ್ಲ, ಬೆರಳು ಹಾಕಿ ನೋಡಿ ಎರಡು ಮೂರು ದಿನಕ್ಕೊಮ್ಮೆ, ತಟ್ಟೆಗೆ ಇಳಿದದ್ದನ್ನು ಚೆಲ್ಲುತ್ತೇನೆ. ರಾತ್ರಿ ಅತ್ತೆಯ ಕೋಣೆಯಲ್ಲಿ ಎಂಟೂವರೆಗೆ ಟ್ಯೂಬ್ ಆರಿಸಿ ಸಣ್ಣ ಬಲ್ಬು ಹಚ್ಚುತ್ತೇವೆ. ಅದರಿಂದ ಅತ್ತೆಗೂ ನಿದ್ದೆ ಬೇಗ ಬರುತ್ತಿದೆ.

ಎಲೆ ಏಳುತ್ತಿದೆ. ಮೊದಲಿನಷ್ಟಲ್ಲ, ಆದರೆ ಏಳುತ್ತಿದೆ. ನಡುವಿನಿಂದ ಒಂದು ಸುರುಳಿ ಬಂದಿದೆ, ಊದಿನಕಡ್ಡಿಗಿಂತ ಸ್ವಲ್ಪ ದಪ್ಪ.

ಅರಭಾವಿಯಲ್ಲಿ ಕಲಿತವನು · ಮೇ 19

ಆ ಸುರುಳಿಯನ್ನು ಕೈಯಿಂದ ಬಿಡಿಸಬೇಡಿ. ಬರೀ ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುವುದಿಲ್ಲ, ಹಾಗಾಗಿ ಜೂನ್‌ನಿಂದ ಹದಿನೈದು ದಿನಕ್ಕೊಮ್ಮೆ ಪ್ಯಾಕೆಟ್ ಮೇಲೆ ಬರೆದದ್ದರ ಕಾಲು ಭಾಗದಷ್ಟು ನೀರಲ್ಲಿ ಕರಗುವ ಗೊಬ್ಬರ ಕೊಡಿ. ಸೂಪರ್ ಫಾಸ್ಫೇಟ್ ಮಾತ್ರ ಬೇಡ. ಮಳೆ ಶುರುವಾದ ಮೇಲೆ ಮಣ್ಣು ಬದಲಿಸಿ. ತೊಳೆದ ಕೋಕೋಪೀಟ್ ಎರಡು ಪಾಲು, ಇದ್ದಿಲ ಚೂರು ಒಂದು ಪಾಲು, ಹಳೆಯ ಎರೆಗೊಬ್ಬರ ಅರ್ಧ ಪಾಲು. ಕೋಕೋಪೀಟಿನಲ್ಲೂ ಉಪ್ಪು ಇರುತ್ತದೆ, ನೆನೆಸಿ ಎರಡು ಸಲ ಹಿಂಡಿ. ಎರೆ ಮಣ್ಣು, ಅಂದರೆ ನಮ್ಮ ಹೊಲದ ಕಪ್ಪು ಮಣ್ಣು, ಚಮಚದಷ್ಟೂ ಬೇಡ, ಅದು ನೀರು ಹಿಡಿದು ಬೇರು ಕೊಳೆಸುತ್ತದೆ.

ನವನಗರ ಬಾಲ್ಕನಿ, ಬಾಗಲಕೋಟೆ · ಮೇ 20

ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಮೀಟರ್, ಕ್ಯಾನ್, ಕೂಲರ್ ಇಷ್ಟೆಲ್ಲ ಬೇಡುವ ಗಿಡವನ್ನು ಹೊಸಬರಿಗೆ ನಾನು ಈಗಲೂ ಹೇಳುವುದಿಲ್ಲ. ಆದರೆ ನನ್ನ ಮೂರು ಗಿಡಗಳಿಗೂ ಬೋರ್ ನೀರೇ ಹಾಕಿದ್ದೆ. ಆ ಸುರುಳಿ ಬಿಚ್ಚಿದಾಗ ಫೋಟೋ ಹಾಕಿ ಅಕ್ಕಾ.

ಗುಮ್ಮಟದೂರಿನವಳು, ವಿಜಯಪುರ · ಸೆಪ್ಟೆಂಬರ್ 23

ತಡವಾಯಿತು, ಕ್ಷಮಿಸಿ. ಅತ್ತೆಯ ಫಿಸಿಯೋಥೆರಪಿ ಓಡಾಟ ಜಾಸ್ತಿ ಇತ್ತು.

ಮೇ ಸುರುಳಿ ಜೂನ್ 2ಕ್ಕೆ ಬಿಚ್ಚಿತು. ಅಂಚು ಪೂರ್ತಿ ಹಸಿರು, ಒಂದು ಕಲೆಯೂ ಇಲ್ಲ. ಫೋಟೋ ಕೆಳಗಿದೆ. ಆಮೇಲೆ ನಾಲ್ಕು ಎಲೆ ಬಂದವು. ಜುಲೈನಲ್ಲಿ ಮಣ್ಣು ಬದಲಿಸಿದೆ. ಹಳೆ ಬೇರಿನ ತುದಿಗಳು ಕಂದಾಗಿ ಸುಟ್ಟಿದ್ದವು, ನಡುವಿನಿಂದ ಹೊಸ ಬಿಳಿ ಬೇರು ಬಂದಿತ್ತು. ಎರಡು ಎಲೆಗಳ ತುದಿ ಮಾತ್ರ ಉಗುರಿನಷ್ಟು ಈಗಲೂ ಕಂದಾಗುತ್ತದೆ. ಆಗಸ್ಟ್‌ನಲ್ಲಿ ನಾನು ತವರಿಗೆ ಹೋದಾಗ ಒಂದು ವಾರ ಮನೆಯವರು ನಳದ ನೀರು ಹಾಕಿದ್ದರು, ಅದಕ್ಕೇ ಇರಬಹುದು.

ಈ ತಿಂಗಳು ನಮ್ಮಲ್ಲಿ ಮಳೆ ಚೆನ್ನಾಗಿದೆ. ಮೊದಲ ಮಳೆಯಲ್ಲಿ ಮಾಳಿಗೆ ತೊಳೆದು ಹೋಗಲು ಬಿಟ್ಟು, ಆಮೇಲಿನ ನೀರನ್ನು ಬಟ್ಟೆಯಲ್ಲಿ ಸೋಸಿ 200 ಲೀಟರ್ ಡ್ರಮ್ಮಿಗೆ ತುಂಬಿಸಿದ್ದೇನೆ. ಮುಚ್ಚಳ ಗಟ್ಟಿಯಾಗಿ ಹಾಕಿದ್ದೇನೆ, ಸೊಳ್ಳೆ ಆಗಬಾರದು ಅಂತ. ಮೀಟರ್ 18 ತೋರಿಸಿತು. ಅಷ್ಟು ಕಮ್ಮಿ ಅಂಕಿ ನಮ್ಮ ಮನೆಯಲ್ಲಿ ಯಾವ ನೀರಿಗೂ ಬಂದಿರಲಿಲ್ಲ.

ತಿಕೋಟಾದ ಅಣ್ಣಾ, ಮಣ್ಣು ಬದಲಿಸುವಾಗ ಬುಡದಲ್ಲಿ ಬೇರೆಯಾಗಿ ಬೆಳೆದಿದ್ದ ಒಂದು ಮರಿಯನ್ನು ಸಣ್ಣ ಕುಂಡಕ್ಕೆ ಹಾಕಿಟ್ಟಿದ್ದೇನೆ. ಮೂರು ಎಲೆ ಇವೆ, ಬೇರು ಹಿಡಿದಿದೆ. ನಿಮಗೇ ಅಂತ ಇಟ್ಟದ್ದು. ಊರಿಗೆ ಬಂದಾಗ ಒಯ್ಯಬೇಕು. ಅತ್ತೆ ಈಗ ವಾಕರ್ ಹಿಡಿದು ಪಡಸಾಲೆವರೆಗೆ ಬರುತ್ತಾರೆ. ನಿಮ್ಮನ್ನು ನೋಡಬೇಕಂತೆ.

ತಿಕೋಟಾ ದ್ರಾಕ್ಷಿ · ಸೆಪ್ಟೆಂಬರ್ 23

ಬರುತ್ತೇನೆ ತಂಗೀ. ಅಕ್ಟೋಬರ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ, ಮುಗಿಯಲಿ, ಅಲ್ಲಿಯವರೆಗೆ ತೋಟ ಬಿಟ್ಟು ಬರಲಾಗದು. ಸಂಜೆ ಹೊತ್ತಿಗೇ ಬರುತ್ತೇನೆ, ಎಲೆ ಏಳುವುದನ್ನು ನಾನು ಇನ್ನೂ ನೋಡಿಲ್ಲ.